ಯಾವ ಗುಳಿಗಿ ಎಂದು ಕೇಳಿ

ಕಬ್ಬಿನ ಕಟಾವು ಶುರುವಾಯಿತೆಂದರೆ ಐಗಳಿ ಸೀಮೆಯಲ್ಲಿ ನೆಗಡಿ, ಕೆಮ್ಮೂ ಶುರು. ನಸುಕಿನ ಥಂಡಿ, ರವದಿ ಸುಟ್ಟ ಹೊಗೆ, ದಾರಿಯ ಧೂಳು. ದಗದ ತಪ್ಪಬಾರದೆಂದು ಮೆಡಿಕಲ್ ಅಂಗಡಿ ಮುಂದೆ ನಿಂತು, "ಅಣ್ಣಾ, ನೆಗಡಿಗೆ ಒಂದ್ ಗುಳಿಗಿ ಕೊಡ್ರಿ" ಅನ್ನುತ್ತೇವೆ. ಕೊಟ್ಟದ್ದು ಏನು, ಅದರೊಳಗೆ ಏನಿದೆ ಎಂದು ಕೇಳುವುದಿಲ್ಲ.

ಕೇಳಬೇಕು. ಮಕ್ಕಳಿಗಾಗಿಯಾದರೂ ಕೇಳಬೇಕು.

2025ರ ಸೆಪ್ಟೆಂಬರ್ ಹೊತ್ತಿಗೆ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಕೆಮ್ಮು-ನೆಗಡಿಯ ಕೂಸುಗಳಿಗೆ ‘ಕೋಲ್ಡ್ರಿಫ್’ ಸಿರಪ್ ಕುಡಿಸಿದರು. ಮೂತ್ರ ಕಟ್ಟಿತು, ಮೂತ್ರಪಿಂಡಗಳು ಕೆಟ್ಟವು, ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಪರೀಕ್ಷೆಯಲ್ಲಿ ಸಿಕ್ಕಿದ್ದು ಶೇ. 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಹೆತ್ತವರ ತಪ್ಪು ಎಳ್ಳಷ್ಟೂ ಇರಲಿಲ್ಲ. ಡಾಕ್ಟರ್ ಬರೆದದ್ದನ್ನು ಕೊಟ್ಟಿದ್ದರು. ಆದರೆ ಆ ಸಿರಪ್ಪಿನಲ್ಲಿದ್ದ ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಜೋಡಿಯನ್ನು 4 ವರ್ಷದೊಳಗಿನವರಿಗೆ ಕೊಡಬಾರದು, ಬಾಟ್ಲಿಯ ಮೇಲೇ ಹಾಗೆ ಅಚ್ಚಾಗಬೇಕು ಎಂದು ಕೇಂದ್ರದ ಆದೇಶ 2023ರಲ್ಲೇ ಬಂದಿತ್ತು. ವಿಷವೇ ಇಲ್ಲದಿದ್ದರೂ ಅದು ಕೂಸುಗಳ ಔಷಧವಲ್ಲ. ಆ ಸಾವುಗಳ ನಂತರ ಕೇಂದ್ರ ಆರೋಗ್ಯ ಇಲಾಖೆ ಮತ್ತೆ ಹೇಳಿತು: 2 ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಔಷಧ ಬೇಡವೇ ಬೇಡ, 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಮಕ್ಕಳ ಕೆಮ್ಮು ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಎದೆಹಾಲು, ಬೆಚ್ಚಗಿನ ನೀರು, ವರ್ಷ ತುಂಬಿದ್ದರೆ ಒಂದಿಷ್ಟು ಜೇನುತುಪ್ಪ ಸಾಕು. ಉಸಿರು ಜೋರಾದರೆ, ಪಕ್ಕೆ ಒಳಕ್ಕೆ ಸೆಳೆದರೆ, ಕೂಸು ಹಾಲು ಬಿಟ್ಟರೆ ಮಾತ್ರ ತಡಮಾಡದೆ ದವಾಖಾನೆಗೆ ಹೊರಡಿ.

ದೊಡ್ಡವರ ಅಪಾಯ ಬೇರೆ ಬಗೆಯದು. ಬಹಳಷ್ಟು ನೆಗಡಿ ಗುಳಿಗಿಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತದೆ. ಅದರ ಮೇಲೆ ಜ್ವರಕ್ಕೆಂದು ಡೋಲೊ 650, ಮೈಕೈ ನೋವಿಗೆಂದು ಇನ್ನೊಂದು. ಹೆಸರು ಮೂರು, ಔಷಧ ಒಂದೇ. ದಿನಕ್ಕೆ 4 ಗ್ರಾಂ ಮೀರಿದರೆ ಲಿವರ್ ಕೆಡಬಹುದು. 650ರ ಆರು ಗುಳಿಗಿಗೇ ಆ ಗಡಿ ಹತ್ತಿರ ಬಂತು. ದಿನವೂ ಕುಡಿಯುವವರಿಗೆ ಅಷ್ಟೂ ಹೆಚ್ಚೇ. ಅದೇ ನೆಗಡಿ ಗುಳಿಗಿ ನಿದ್ದೆಯನ್ನೂ ತರುತ್ತದೆ. ಅದನ್ನು ನುಂಗಿ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರನ್ನು ರಾತ್ರಿ ಫ್ಯಾಕ್ಟರಿಗೆ ಹೊಡೆಯುವ ತಮ್ಮಂದಿರನ್ನು ನೆನೆದರೆ ಎದೆ ನಡುಗುತ್ತದೆ. ತಮ್ಮಾ, ಆ ರಾತ್ರಿ ಸ್ಟಿಯರಿಂಗ್ ಬೇರೆಯವರಿಗೆ ಕೊಡು.

ಬಿಪಿ ಇದ್ದವರು, ಬಸುರಿಯರು ಕೇಳದೆ ಯಾವ ಗುಳಿಗಿಯನ್ನೂ ನುಂಗಬಾರದು. ಡೆಂಗಿ ಸಂಶಯವಿದ್ದರೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಟ್ಟಬಾರದು; ರಕ್ತಸ್ರಾವ ಹೆಚ್ಚಬಹುದು. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಮಾರುವ ಔಷಧವಲ್ಲ. ಆ ಗೆರೆ ಇರುವ ಆಂಟಿಬಯಾಟಿಕ್ ವೈರಸ್ಸಿನ ನೆಗಡಿಗೆ ಏನೂ ಮಾಡದು.

ಮೆಡಿಕಲ್ ಇಟ್ಟ ಅಣ್ಣಂದಿರೇ, ಊರು ನಿಮ್ಮನ್ನು ನಂಬಿದೆ. ಕತ್ತರಿಯಿಂದ ನಾಲ್ಕು ಗುಳಿಗಿ ಕತ್ತರಿಸಿ ಕೊಡುವಾಗ ಹೆಸರಿಲ್ಲದ ತುಂಡು ಕೈಗಿಡಬೇಡಿ. ವಯಸ್ಸು ಕೇಳಿ, ಬೇರೇನು ನುಂಗಿದ್ದೀರಿ ಎಂದು ಕೇಳಿ, ಎರಡು ವರ್ಷದ ಕೂಸಿಗೆ ಸಿರಪ್ ಬೇಡಿದರೆ ಇಲ್ಲವೆನ್ನಿ. ಅವ್ವಂದಿರೇ, ಅಕ್ಕಂದಿರೇ, ಮಾಡದಲ್ಲಿ ಉಳಿದ ಹಳೆಯ ಬಾಟ್ಲಿಯನ್ನು ಇವತ್ತೇ ತೆಗೆದು ನೋಡಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿ, ಆಶಾ ಕಾರ್ಯಕರ್ತೆಗೆ ತೋರಿಸಿ. ಅದರಲ್ಲಿ ಏನಿದೆಯೆಂದು ತಿಳಿಯುವ ತನಕ ಯಾರ ಬಾಯಿಗೂ ಹಾಕಬೇಡಿ.