ತೊಂಬತ್ತು ಅಂಕಗಳ ಅಳಲು

ಗೆದ್ದವನು ನ್ಯಾಯದ ಮಾತೆತ್ತುವುದಿಲ್ಲ. ಸೋತವನು ಎತ್ತಿದರೆ ಅದು ಗೊಣಗಾಟವೆನಿಸಿಕೊಳ್ಳುತ್ತದೆ. ಹೀಗಾಗಿ ಆಟದ ಬಯಲಿನಲ್ಲಿ ನ್ಯಾಯದ ವಿಚಾರಕ್ಕೆ ವಾರಸುದಾರರೇ ಇಲ್ಲ. ನಾನು ಗೆದ್ದವರ ಪಕ್ಷದವನು. ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿರುವ ಸಂಡರ್‌ಲ್ಯಾಂಡ್ ಊರಿನ ಫುಟ್‌ಬಾಲ್ ಸಂಘವು ೨೦೨೫ನೆಯ ಮೇ ೨೪ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಶೆಫೀಲ್ಡ್ ಯುನೈಟೆಡ್ ಸಂಘವನ್ನು ೨–೧ರಿಂದ ಸೋಲಿಸಿ, ಎಂಟು ವರ್ಷಗಳ ತರುವಾಯ ಆ ದೇಶದ ಮೊದಲ ದರ್ಜೆಗೆ ಏರಿತು. ಅಂದು ನಾನು ಹಾಕಿದ ಕೂಗಿಗೆ ಮೂರು ದಿನ ಗಂಟಲು ಕಟ್ಟಿತ್ತು. ಗಂಟಲು ಸರಿಹೋಯಿತು, ಪ್ರಶ್ನೆಯೊಂದು ಮಾತ್ರ ಉಳಿದುಕೊಂಡಿತು. ಆ ಗೆಲುವು ನಮಗೆ ಸಲ್ಲತಕ್ಕದ್ದಾಗಿತ್ತೆ?

ಕ್ರಿಕೆಟ್ಟಿನ ನಾಡಿನ ಓದುಗರಿಗೆ ಇಲ್ಲಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಗ್ಲೆಂಡಿನ ಎರಡನೆಯ ದರ್ಜೆಗೆ ಚಾಂಪಿಯನ್‌ಶಿಪ್ ಎಂದು ಹೆಸರು. (ಎರಡನೆಯದನ್ನು ಎರಡನೆಯದೆಂದು ಕರೆಯಲು ಈ ಜನ ನಾಚುತ್ತಾರೆ, ಮೂರನೆಯ ದರ್ಜೆಗಂತೂ ‘ಲೀಗ್ ಒನ್’ ಎಂದೇ ಹೆಸರಿಟ್ಟುಕೊಂಡಿದ್ದಾರೆ.) ಅಲ್ಲಿ ಇಪ್ಪತ್ತನಾಲ್ಕು ಸಂಘಗಳು, ಪ್ರತಿಯೊಂದಕ್ಕೂ ನಲವತ್ತಾರು ಪಂದ್ಯಗಳು. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಆಗಸ್ಟಿನಿಂದ ಮೇ ತಿಂಗಳವರೆಗೆ ಮಳೆ ಹಿಮಗಳೆನ್ನದೆ ನಡೆಯುವ ಈ ದುಡಿಮೆಯ ಕೊನೆಗೆ ಮೊದಲ ಇಬ್ಬರು ನೇರವಾಗಿ ಮೇಲಕ್ಕೆ ಹೋಗುತ್ತಾರೆ. ೨೦೨೪–೨೫ರಲ್ಲಿದ್ದ ನಿಯಮದಂತೆ ಮೂರರಿಂದ ಆರನೆಯ ಸ್ಥಾನದವರೆಗಿನ ನಾಲ್ವರು ತಮ್ಮತಮ್ಮಲ್ಲಿ ಪ್ಲೇ-ಆಫ್ ಆಡಿ, ಅವರಲ್ಲಿ ಒಬ್ಬರು ಮಾತ್ರ ಅವರನ್ನು ಹಿಂಬಾಲಿಸುತ್ತಿದ್ದರು. ೨೦೨೪–೨೫ರಲ್ಲಿ ಲೀಡ್ಸ್, ಬರ್ನ್ಲಿ ಎರಡೂ ನೂರು ನೂರು ಅಂಕ ಗಳಿಸಿ ಏರಿದವು. ಮೂರನೆಯವರಾದ ಶೆಫೀಲ್ಡ್ ಯುನೈಟೆಡ್ಡಿಗೆ ೯೦ ಅಂಕ. ಬೇರೆ ಸಂಘಗಳಿಗೆ ಸಲ್ಲಬೇಕಾದ ಹಣವನ್ನು ತಡಮಾಡಿದ್ದಕ್ಕೆ ಎರಡು ಅಂಕ ಕಡಿತವಾಗದಿದ್ದರೆ ೯೨. ನಾಲ್ಕನೆಯವರು ನಾವು, ನಮ್ಮ ಅಂಕ ೭೬. ಹದಿನಾಲ್ಕು ಅಂಕಗಳ ಅಂತರ! ಒಂಬತ್ತು ತಿಂಗಳ ತಕ್ಕಡಿ ತೂಗಿ ಹೇಳಿದ ಮಾತನ್ನು ಒಂದು ಮಧ್ಯಾಹ್ನ ಅಳಿಸಿಹಾಕಿತು.

ಇದನ್ನು ಅನ್ಯಾಯವೆಂದು ಕರೆಯಲು ಶೆಫೀಲ್ಡಿನವನಿಗೆ ಎಷ್ಟು ಹಕ್ಕಿದೆಯೋ ಸಂಡರ್‌ಲ್ಯಾಂಡಿನವನಿಗೂ ಅಷ್ಟೇ ಹಕ್ಕಿದೆ. ಏಕೆಂದರೆ ಪ್ಲೇ-ಆಫ್ ಎಂಬ ಈ ಏರ್ಪಾಡು ಹುಟ್ಟಿದ ದಿನದಿಂದಲೂ ನಮ್ಮ ಬೆನ್ನು ಹತ್ತಿದೆ. ಅದು ಮೊದಲು ಬಂದದ್ದು ೧೯೮೭ರಲ್ಲಿ. ಆ ಮೊದಲ ವರ್ಷಗಳಲ್ಲಿ ಮೇಲಿನ ದರ್ಜೆಯಲ್ಲಿ ಕಾಲು ಜಾರುತ್ತಿದ್ದವರೂ ಕೆಳಗಿನಿಂದ ಏರಬಯಸುವವರೊಡನೆ ಆಡಬೇಕಿತ್ತು. ಎರಡನೆಯ ದರ್ಜೆಯ ತಳದಲ್ಲಿದ್ದ ಸಂಡರ್‌ಲ್ಯಾಂಡ್, ಜಿಲಿಂಗಂ ಎಂಬ ಚಿಕ್ಕ ಸಂಘದೊಡನೆ ಎರಡು ಪಂದ್ಯಗಳನ್ನಾಡಿತು. ಒಟ್ಟು ಗೋಲುಗಳು ೬–೬. ಎದುರಾಳಿಯ ನೆಲದಲ್ಲಿ ಹೊಡೆದ ಗೋಲು ಹೆಚ್ಚಿದ್ದವರಿಗೆ ಜಯವೆಂಬ ನಿಯಮದಂತೆ ಜಿಲಿಂಗಂ ಗೆದ್ದಿತು. ೧೮೯೦ರಿಂದ ೧೯೫೮ರವರೆಗೆ ಒಂದು ವರ್ಷವೂ ತಪ್ಪದೆ ಮೊದಲ ದರ್ಜೆಯಲ್ಲಿದ್ದ, ಆರು ಸಲ ದೇಶಕ್ಕೇ ಮೊದಲಿಗನೆನಿಸಿದ ಸಂಘ, ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಮೂರನೆಯ ದರ್ಜೆಗೆ ಇಳಿದದ್ದು ಹೀಗೆ.

ಮೂರು ವರ್ಷಗಳ ಮೇಲೆ ಅದೇ ಏರ್ಪಾಡು ನಮಗೆ ತಿರುಗಿ ಕೊಟ್ಟಿತು, ಅದೂ ವಿಚಿತ್ರವಾದ ರೀತಿಯಲ್ಲಿ. ೧೯೯೦ರಲ್ಲಿ ಆರನೆಯ ಸ್ಥಾನದಲ್ಲಿದ್ದ ನಾವು ಮೂರನೆಯ ಸ್ಥಾನದಲ್ಲಿದ್ದ ನ್ಯೂಕ್ಯಾಸಲನ್ನು ಅವರ ಮನೆಯಲ್ಲೇ ಸೋಲಿಸಿದೆವು. ನೆರೆಯೂರಿನ ಹಗೆ ಎಂಥದೆಂದು ಬಲ್ಲವರು ಆ ದಿನದ ಸವಿಯನ್ನು ಊಹಿಸಿಕೊಳ್ಳಬಹುದು. ಆಮೇಲೆ ಅಂತಿಮ ಪಂದ್ಯದಲ್ಲಿ ಸ್ವಿಂಡನ್ನಿಗೆ ಸೋತೆವು. ಆದರೆ ಹಣಕಾಸಿನ ಅಕ್ರಮಕ್ಕಾಗಿ ಸ್ವಿಂಡನ್ನಿಗೆ ಬಡ್ತಿ ನಿರಾಕರಿಸಲ್ಪಟ್ಟು, ಸೋತ ನಾವೇ ಮೇಲೇರಿದೆವು. ಮೂರನೆಯವರಾಗಿದ್ದ ನ್ಯೂಕ್ಯಾಸಲಿನವರು ಇದ್ದಲ್ಲೇ ಉಳಿದರು. ಅವರ ಕಣ್ಣಿನಿಂದ ನೋಡಿದರೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನುಂಟೆ?

ಇನ್ನು ೧೯೯೮ರ ಮಾತು. ಇದನ್ನು ನಾನು ಕಂಡವನಲ್ಲ. ಧಾರವಾಡವನ್ನು ಬಿಟ್ಟು ಇಲ್ಲಿಯ ಮೋಟಾರು ಕಾರ್ಖಾನೆಯ ಕೆಲಸಕ್ಕೆ ನಾನು ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಆದರೆ ನನ್ನ ಪಕ್ಕದ ಮನೆಯ ಹಿರಿಯರೊಬ್ಬರು, ಹಡಗು ಕಟ್ಟುವ ಕೆಲಸದಲ್ಲಿದ್ದವರು, ಅದನ್ನು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ ನಾನೇ ಕಂಡಂತಾಗಿದೆ. ಆ ವರ್ಷ ಸಂಡರ್‌ಲ್ಯಾಂಡ್ ಮೂರನೆಯ ಸ್ಥಾನದಲ್ಲಿತ್ತು, ಅಂಕಗಳು ತೊಂಬತ್ತು. ನಾಲ್ಕನೆಯದಾದ ಚಾರ್ಲ್‌ಟನ್ನಿಗೆ ೮೮. ವೆಂಬ್ಲಿಯಲ್ಲಿ ಇಬ್ಬರೂ ನಾಲ್ಕು ನಾಲ್ಕು ಗೋಲು ಹೊಡೆದರು. ಚಾರ್ಲ್‌ಟನ್ನಿನ ಮೂರು ಗೋಲುಗಳನ್ನು ಹೊಡೆದವನು ಕ್ಲೈವ್ ಮೆಂಡೋಂಕಾ. ಸಂಡರ್‌ಲ್ಯಾಂಡಿನಲ್ಲೇ ಬೆಳೆದು, ಎಳೆತನದಿಂದ ಇದೇ ಸಂಘವನ್ನು ಹಾರೈಸುತ್ತ ಬಂದವನು! ಕೊನೆಗೆ ಪೆನಾಲ್ಟಿ ಒದೆತ. ಹದಿಮೂರು ಒದೆತಗಳು ಸಾಲಾಗಿ ಗೋಲಾದವು. ಹದಿನಾಲ್ಕನೆಯದನ್ನು ಒದ್ದವನು ಊರಿನ ಮಗನೇ ಆದ ಮೈಕೆಲ್ ಗ್ರೇ. ಅದನ್ನು ಚಾರ್ಲ್‌ಟನ್ನಿನ ಗೋಲ್‌ಕೀಪರ್ ತಡೆದ. ತೊಂಬತ್ತು ಅಂಕ ಗಳಿಸಿದವರು ಕೆಳಗುಳಿದರು.

ಆ ತೊಂಬತ್ತರಲ್ಲಿ ಏನೋ ಶನಿಕಾಟವಿರಬೇಕು. ೨೦೨೪ರಲ್ಲಿ ಲೀಡ್ಸ್ ಮೂರನೆಯವರಾಗಿ ತೊಂಬತ್ತೇ ಅಂಕ ಗಳಿಸಿ, ೮೭ ಅಂಕಗಳ ಸೌತಾಂಪ್ಟನ್ನಿಗೆ ಅಂತಿಮ ಪಂದ್ಯದಲ್ಲಿ ಸೋತಿತು. ಮರುವರ್ಷ ಶೆಫೀಲ್ಡ್ ಯುನೈಟೆಡ್. ಎಷ್ಟೋ ಸಲ ಪ್ಲೇ-ಆಫ್‌ವರೆಗೆ ಬಂದರೂ ೨೦೨೫ರವರೆಗೆ ಅದರ ಮೂಲಕ ಒಮ್ಮೆಯೂ ಬಡ್ತಿ ಕಾಣದ ಸಂಘವದು.

ಈಗ ನಮ್ಮ ವರ್ಷಕ್ಕೆ ಬರೋಣ. ೨೦೨೩–೨೪ರಲ್ಲಿ ನಾವು ಹದಿನಾರನೆಯವರು. ಅನಂತರ ಫ್ರಾನ್ಸಿನಿಂದ ರೆಜಿಸ್ ಲ ಬ್ರಿಸ್ ಎಂಬ ತರಬೇತುದಾರರು ಬಂದರು. ಮಾತು ಕಡಿಮೆ, ಮುಖದಲ್ಲಿ ಮೇಷ್ಟರ ಗಾಂಭೀರ್ಯ. ಮೊದಲ ನಾಲ್ಕು ಪಂದ್ಯಗಳಲ್ಲಿ ನಾಲ್ಕೂ ಗೆಲುವು. ತಂಡದಲ್ಲಿ ನೋಡಿದರೆ ಹುಡುಗರು: ಹದಿನೇಳರ ಕ್ರಿಸ್ ರಿಗ್, ಹತ್ತೊಂಬತ್ತರ ಜೋಬ್ ಬೆಲಿಂಗ್‌ಹ್ಯಾಮ್, ಇನ್ನೂ ಮೀಸೆ ಮೂಡುತ್ತಿದ್ದ ಟಾಮ್ ವಾಟ್ಸನ್. ಚಳಿಗಾಲದ ಸಂಜೆಗಳಲ್ಲಿ ಈ ಹುಡುಗರು ಓಡುವುದನ್ನು ನೋಡಲು ನಲವತ್ತು ಸಾವಿರ ಜನ ಬರುತ್ತಿದ್ದರೆಂದರೆ ಹೊರಗಿನವರಿಗೆ ನಂಬುಗೆಯಾಗದು. ಮೂರನೆಯ ದರ್ಜೆಯಲ್ಲಿ ಕೊಳೆತ ೨೦೧೮ರಿಂದ ೨೦೨೨ರವರೆಗಿನ ನಾಲ್ಕು ವರ್ಷಗಳಲ್ಲೂ ಮೂವತ್ತು ಸಾವಿರದ ಆಸುಪಾಸು ಜನ ಬರುತ್ತಿದ್ದ ಊರಿದು. ಹಡಗಿನ ಕೆಲಸ ೧೯೮೮ರಲ್ಲಿ ಹೋಯಿತು. ಕಲ್ಲಿದ್ದಲ ಗಣಿ ೧೯೯೩ರಲ್ಲಿ ಮುಚ್ಚಿತು. ಆ ಗಣಿ ಇದ್ದ ನೆಲದ ಮೇಲೆಯೇ ೧೯೯೭ರಲ್ಲಿ ಈ ಮೈದಾನವೆದ್ದಿತು. ಹೊರಗೆ ಗಣಿಗಾರರ ದೀಪದ ದೊಡ್ಡದೊಂದು ಪ್ರತಿರೂಪವನ್ನು ನಿಲ್ಲಿಸಿದ್ದಾರೆ. ಅದರ ಬಳಿ ನಿಂತು ಮೊಮ್ಮಗನಿಗೆ ಕೆಳಗಿನ ಸುರಂಗಗಳನ್ನು ವರ್ಣಿಸುವ ಅಜ್ಜಂದಿರನ್ನು ನಾನು ಕಂಡಿದ್ದೇನೆ.

ಆದರೆ ಮೆಚ್ಚುಗೆಯ ಮಾತು ಬೇರೆ, ಲೆಕ್ಕದ ಮಾತು ಬೇರೆ. ನಾಲ್ಕನೆಯ ಸ್ಥಾನ ಭದ್ರವಾಗುತ್ತಲೇ ತಂಡ ಕೈಚೆಲ್ಲಿತು. ಲೀಗಿನ ಕೊನೆಯ ಐದು ಪಂದ್ಯಗಳಲ್ಲಿ ಐದನ್ನೂ ಸೋತೆವು. ಪ್ಲೇ-ಆಫ್‌ಗೆ ಮುಖ್ಯರಾದವರನ್ನು ಕಾಪಾಡಿಕೊಳ್ಳಲಾಯಿತೆಂಬ ಸಮಾಧಾನವುಂಟು. ಇರಬಹುದು; ಆದರೆ ಐದು ಸೋಲುಗಳಿಗೆ ದಂಡವೇ ಇಲ್ಲದ ಏರ್ಪಾಡು ಎಂಥದು ಎಂದು ಶೆಫೀಲ್ಡಿನವನು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆಮೇಲೆ ಐದನೆಯ ಸ್ಥಾನದ ಕಾವೆಂಟ್ರಿಯನ್ನು ಅವರ ಊರಿನಲ್ಲಿ ೨–೧ರಿಂದ ಸೋಲಿಸಿದೆವು. ನಮ್ಮ ಮೈದಾನದಲ್ಲಿ ಅವರು ಒಂದು ಗೋಲು ಹೊಡೆದು ಲೆಕ್ಕ ಸರಿಮಾಡಿದರು. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದು ಪೆನಾಲ್ಟಿಯ ಭಯ ಎಲ್ಲರ ಎದೆಯಲ್ಲಿ ಕುಳಿತಿರುವಾಗ, ೧೨೨ನೆಯ ನಿಮಿಷದಲ್ಲಿ, ಮೂಲೆಯಿಂದ ಬಂದ ಚೆಂಡಿಗೆ ಡ್ಯಾನ್ ಬ್ಯಾಲರ್ಡ್ ತಲೆಕೊಟ್ಟ. ಆ ಕ್ಷಣದ ಸದ್ದನ್ನು ಬರೆಯುವ ಶಕ್ತಿ ನನ್ನ ಲೇಖನಿಗಿಲ್ಲ. ಹಡಗಿನ ಹಿರಿಯರು ನನ್ನನ್ನು ತಬ್ಬಿಕೊಂಡು ಅತ್ತರೆಂದಷ್ಟೇ ಹೇಳುತ್ತೇನೆ. ಇಂಗ್ಲಿಷರು ಅಪರಿಚಿತರೆದುರಿಗೆ ಅಳುವ ಜನರಲ್ಲ.

ವೆಂಬ್ಲಿಯಲ್ಲಿ ಮೊದಲ ಅರ್ಧ ಶೆಫೀಲ್ಡಿನದೇ. ೨೫ನೆಯ ನಿಮಿಷದಲ್ಲಿ ಟೈರೀಸ್ ಕ್ಯಾಂಬೆಲ್ ಗೋಲು ಹೊಡೆದ. ಸ್ವಲ್ಪ ಹೊತ್ತಿಗೆ ಹ್ಯಾರಿಸನ್ ಬರೋಸ್ ಎರಡನೆಯದನ್ನೂ ಬಲೆಗೆ ಸೇರಿಸಿದ. ಕೆಂಪು ಅಂಗಿಯವರು ಕುಣಿದಾಡಿದರು. ಆಗ ವಿಡಿಯೊ ನೋಡಿ ತೀರ್ಪು ಹೇಳುವವರು ರೆಫರಿಯನ್ನು ಕರೆದರು. ಆಫ್‌ಸೈಡಿನಲ್ಲಿದ್ದ ಶೆಫೀಲ್ಡಿನ ಆಟಗಾರನೊಬ್ಬ ನಮ್ಮ ಗೋಲ್‌ಕೀಪರನ ಕಣ್ಣಿಗೆ ಅಡ್ಡವಾಗಿದ್ದನೆಂದು ಗೋಲು ರದ್ದಾಯಿತು. ನಿಯಮದ ಪ್ರಕಾರ ಸರಿಯೇ. ಆದರೆ ಲೀಗಿನ ನಲವತ್ತಾರು ಪಂದ್ಯಗಳಲ್ಲಿ ಎಲ್ಲಿಯೂ ಇಲ್ಲದ ವಿಡಿಯೊ ತೀರ್ಪು ಈ ಪಂದ್ಯಕ್ಕೆ ಬಂದು ಕುಳಿತದ್ದು ಏಕೆ? ವರ್ಷವೆಲ್ಲ ಒಂದು ಕೊಳಗದಲ್ಲಿ ಅಳೆದು, ಸುಗ್ಗಿಯ ದಿನ ಬೇರೆ ಕೊಳಗ ತಂದಂತಾಯಿತಲ್ಲವೆ? ೭೬ನೆಯ ನಿಮಿಷದಲ್ಲಿ ಮಯೆಂಡಾ ಸಮಮಾಡಿದ. ೯೫ನೆಯ ನಿಮಿಷದಲ್ಲಿ, ಬದಲಿಯಾಗಿ ಬಂದಿದ್ದ ವಾಟ್ಸನ್ ದೂರದಿಂದ ನೆಲಮಟ್ಟಕ್ಕೆ ಹೊಡೆದ ಚೆಂಡು ಮೂಲೆ ಸೇರಿತು. ಅವನು ಬ್ರೈಟನ್ ಸಂಘಕ್ಕೆ ಹೋಗುವುದು ಅದಕ್ಕೆ ಮೊದಲೇ ನಿಶ್ಚಯವಾಗಿತ್ತು. ಊರಿನ ಋಣ ತೀರಿಸಿ ಹೋದ ಹುಡುಗ.

ಇಷ್ಟೆಲ್ಲ ಹೇಳಿದ ಮೇಲೂ ಪ್ಲೇ-ಆಫನ್ನು ಕಿತ್ತೊಗೆಯಬೇಕೆನ್ನುವವರ ಜೊತೆ ನಾನು ನಿಲ್ಲಲಾರೆ. ಅಂಕಪಟ್ಟಿಯ ತಕ್ಕಡಿಯೂ ಅವರೆಂದುಕೊಂಡಷ್ಟು ಶುದ್ಧವಾದುದಲ್ಲ. ಮೊದಲ ದರ್ಜೆಯಿಂದ ಬಿದ್ದವರಿಗೆ ಪೆಟ್ಟಾಗದಿರಲೆಂದು ಮೂರು ವರ್ಷಗಳವರೆಗೆ ದೊಡ್ಡ ಮೊತ್ತದ ಹಣ ಕೊಡುವ ಪದ್ಧತಿಯಿದೆ. ಪ್ಯಾರಾಶೂಟ್ ಎಂದೇ ಅದನ್ನು ಕರೆಯುತ್ತಾರೆ. ೨೦೨೪–೨೫ರ ಪಟ್ಟಿಯಲ್ಲಿ ನಮಗಿಂತ ಮೇಲಿದ್ದವರು ಯಾರು? ೨೦೨೩ರಲ್ಲಿ ಬಿದ್ದ ಲೀಡ್ಸ್. ೨೦೨೪ರಲ್ಲಿ ಬಿದ್ದ ಬರ್ನ್ಲಿ ಮತ್ತು ಶೆಫೀಲ್ಡ್ ಯುನೈಟೆಡ್. ಮೂವರ ಬೆನ್ನಿಗೂ ಆ ಛತ್ರಿಯಿತ್ತು. ನಮಗಿರಲಿಲ್ಲ. (೨೦೧೭ರಲ್ಲಿ ಬಿದ್ದಾಗ ನಮಗೂ ಇತ್ತು, ಅದನ್ನು ಹಿಡಿದುಕೊಂಡೇ ಮರುವರ್ಷ ಮೂರನೆಯ ದರ್ಜೆಗೆ ಉರುಳಿದ ಕೀರ್ತಿ ನಮ್ಮದು.) ಹಣವಿದ್ದವರೇ ಪಟ್ಟಿಯ ತಲೆಯ ಮೇಲೆ ಕುಳಿತುಕೊಳ್ಳುವಾಗ, ಮಿಕ್ಕ ಊರುಗಳಿಗೆ ಫೆಬ್ರವರಿಯ ಮೇಲೆಯೂ ಒಂದಿಷ್ಟು ಆಸೆ ಉಳಿಯಬೇಕಾದರೆ ಇಂಥ ಕಿಂಡಿಯೊಂದು ಬೇಕು. ಏರಿದವರಿಗೆ ಸಿಗುವುದು ಇಪ್ಪತ್ತು ಕೋಟಿ ಪೌಂಡಿಗೂ ಮೇಲೆಂದು ಲೆಕ್ಕಿಗರ ಅಂದಾಜು; ಆ ಕಿಂಡಿಯನ್ನೂ ಮುಚ್ಚಿದರೆ ಉಳ್ಳವರ ಮನೆಗೇ ಆ ಹಣವೂ ಹರಿದುಹೋದೀತು.

ಕಿಂಡಿ ಇರಲಿ, ಅದಕ್ಕೊಂದು ಹೊಸ್ತಿಲಿರಲಿ ಎಂಬುದು ನನ್ನ ವಾದ. ತೊಂಬತ್ತು ನಿಮಿಷಗಳ ಆಟ ಸಮವಾಗಿ ಮುಗಿದರೆ ಹೆಚ್ಚುವರಿ ಸಮಯ, ಪೆನಾಲ್ಟಿ ಒಂದೂ ಬೇಡ. ಪಟ್ಟಿಯಲ್ಲಿ ಮೇಲಿದ್ದವರೇ ಗೆದ್ದಂತೆ. ಜಪಾನಿನ ಎರಡನೆಯ ದರ್ಜೆಯ ಪ್ಲೇ-ಆಫ್‌ನಲ್ಲಿ ಈ ನಿಯಮವನ್ನು ನಡೆಸಿ ತೋರಿಸಿದ್ದಾರೆ. ನಮ್ಮವರಿಗೂ ಇದು ಹೊಸತಲ್ಲ. ರಣಜಿ ಟ್ರೋಫಿಯ ಅಂತಿಮ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನಲ್ಲಿ ಮುಂದಿದ್ದವರಿಗೆ ಟ್ರೋಫಿ ಸಲ್ಲುತ್ತದೆ. ೨೦೨೫ರ ಮಾರ್ಚಿಯಲ್ಲಿ ನಾಗಪುರದಲ್ಲಿ ಕೇರಳದ ಎದುರು ವಿದರ್ಭ ಗೆದ್ದದ್ದು ಹಾಗೆಯೇ. ಮೊದಲು ದುಡಿದದ್ದಕ್ಕೆ ಬೆಲೆಯಿದೆ ಎಂಬ ತತ್ವ ಅದರಲ್ಲಿದೆ. ಈ ಹೊಸ್ತಿಲನ್ನು ಇಟ್ಟು ಹಳೆಯ ಲೆಕ್ಕಗಳನ್ನು ಮತ್ತೊಮ್ಮೆ ನೋಡಿ. ೧೯೯೮ರಲ್ಲಿ ತೊಂಬತ್ತು ನಿಮಿಷಕ್ಕೆ ಆಟ ಸಮ. ನಾವು ಏರುತ್ತಿದ್ದೆವು, ಗ್ರೇ ಎಂಬ ಹುಡುಗ ಆ ಒದೆತವನ್ನು ಒದೆಯಬೇಕಾಗಿಯೇ ಇರಲಿಲ್ಲ. ೨೦೨೫ರಲ್ಲಿ ವಾಟ್ಸನನ ಗೋಲು ನಿಗದಿಯ ಆಟದ ಒಳಗೇ ಬಂದದ್ದರಿಂದ ನಮ್ಮ ಗೆಲುವಿಗೂ ಕುಂದಿಲ್ಲ. ಆದರೆ ಕೊನೆಯ ಇಪ್ಪತ್ತು ನಿಮಿಷ ನಾವು ಗೋಲಿಗಾಗಿಯೇ ಆಡಬೇಕಾಗುತ್ತಿತ್ತು. ಶೆಫೀಲ್ಡಿನವರ ತೊಂಬತ್ತು ಅಂಕಗಳಿಗೆ ಅಷ್ಟಾದರೂ ತೂಕ ಸಿಗುತ್ತಿತ್ತು.

ಇದನ್ನು ಪಕ್ಕದ ಮನೆಯ ಹಿರಿಯರೆದುರು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಕಾವೆಂಟ್ರಿಯ ಪಂದ್ಯ?” ಎಂದರು. ನಿಜ. ಆ ನಿಯಮವಿದ್ದರೆ ತೊಂಬತ್ತು ನಿಮಿಷಕ್ಕೇ ನಾವು ಗೆದ್ದವರು; ಬ್ಯಾಲರ್ಡನ ಗೋಲು ಹುಟ್ಟುತ್ತಲೇ ಇರಲಿಲ್ಲ. “ಅದನ್ನು ಕೊಟ್ಟು ತೊಂಬತ್ತೆಂಟನ್ನು ಕೊಳ್ಳುವ ವ್ಯಾಪಾರವಾದರೆ ನನಗೆ ಬೇಡಪ್ಪ” ಎಂದು ಅವರು ಬಾಗಿಲು ಹಾಕಿಕೊಂಡರು.

ನಾನಾದರೆ ಕೊಟ್ಟೇನು. ೧೯೯೮ರಲ್ಲಿ ಸೋತ ಸಂಡರ್‌ಲ್ಯಾಂಡ್ ಮರುವರ್ಷ ೧೦೫ ಅಂಕ ಗಳಿಸಿ ಎದ್ದು ಬಂದಿತು. ಎಲ್ಲರಿಗೂ ಆ ಭಾಗ್ಯವಿಲ್ಲ. ವೆಂಬ್ಲಿಯಲ್ಲಿ ಸೋತ ಒಂದು ತಿಂಗಳೊಳಗೆ ಶೆಫೀಲ್ಡಿನ ತರಬೇತುದಾರರಾದ ಕ್ರಿಸ್ ವೈಲ್ಡರ್ ಕೆಲಸ ಕಳೆದುಕೊಂಡರು. ಅವರ ಜಾಗಕ್ಕೆ ಬಂದವರು ಲೀಗಿನ ಮೊದಲ ಐದು ಪಂದ್ಯಗಳನ್ನೂ ಸೋತು ಸೆಪ್ಟೆಂಬರಿನಲ್ಲಿ ಹೊರಟರು. ವೈಲ್ಡರನ್ನೇ ತಿರುಗಿ ಕರೆದದ್ದಾಯಿತು. ಆಗ ಆ ಸಂಘ ಪಟ್ಟಿಯ ತೀರ ತಳದಲ್ಲಿತ್ತು, ಒಂದು ಅಂಕವೂ ಇಲ್ಲದೆ.