ಹೆರುವವಳು ನಮ್ಮವಳು, ಲೆಕ್ಕ ಯಾರದು?



ಕೇರಿಯಲ್ಲಿ ಮಕ್ಕಳು ಜಾಸ್ತಿ, ಅದಕ್ಕೇ ಬಡತನ ಅಂತ ಊರಿನವರು ಬಹಳ ಕಾಲದಿಂದ ಹೇಳ್ಕೊಂಡು ಬಂದಿದ್ದಾರೆ. ಇದು ತಲೆಕೆಳಗಾದ ಮಾತು. ಜೀತದ ಕಾಲದಲ್ಲಿ ನಮ್ಮ ತಾಯಂದಿರು ಆರೇಳು ಹೆತ್ತರೂ ಕಣ್ಣೆದುರಿಗೇ ಎಷ್ಟೋ ಕೂಸುಗಳು ಮಣ್ಣಾಗುತ್ತಿದ್ದವು. ಉಳಿದವರಲ್ಲಿ ಒಬ್ಬ ಗೌಡರ ದನ ಕಾಯಬೇಕು, ಒಬ್ಬ ಅಪ್ಪನ ಸಾಲಕ್ಕೆ ಜೀತ ಇರಬೇಕು, ಒಬ್ಬಳು ತಂಗಿಯನ್ನು ಕಂಕುಳಲ್ಲಿಟ್ಟುಕೊಂಡು ಕಳೆ ಕೀಳಬೇಕು. ಭೂಮಿ ಇಲ್ಲದವನಿಗೆ ಮುಪ್ಪಿನಲ್ಲಿ ಗಂಜಿ ಹಾಕೋರು ಮಕ್ಕಳಲ್ಲದೆ ಇನ್ಯಾರು?

ಚಿಕ್ಕ ಸಂಸಾರಕ್ಕೆ ನಾವು ವಿರೋಧಿಗಳಲ್ಲ. ಬಾಬಾಸಾಹೇಬರು ತಮ್ಮ ತಾಯಿಗೆ 14ನೇ ಮಗು. ಅದೇ ಬಾಬಾಸಾಹೇಬರ ಪಕ್ಷ 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣಕ್ಕೆ ಸರ್ಕಾರ ಸೌಲಭ್ಯ ಒದಗಿಸಬೇಕೆಂಬ ನಿರ್ಣಯ ಮಂಡಿಸಿತು. ಸಭೆ ಅದನ್ನು ಒಪ್ಪಲಿಲ್ಲ. ಹೆತ್ತು ಹೆತ್ತು ಸೊರಗುವ ಹೆಣ್ಣಿನ ಪರವಾದ ಮಾತು ಅದು.

ಆದರೆ ತುರ್ತು ಪರಿಸ್ಥಿತಿಯಲ್ಲಿ ನಡೆದದ್ದೇ ಬೇರೆ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ಆದವು. ಮೇಷ್ಟ್ರುಗಳಿಗೂ ಕಂದಾಯದವರಿಗೂ ಇಷ್ಟು ತಲೆ ತನ್ನಿ ಅಂತ ಗುರಿ ಕೊಟ್ಟರೆ ಅವರು ಯಾರ ಮನೆಗೆ ಬರ್ತಾರೆ? ಕೇಳೋರಿಲ್ಲದ ಬಡವನ ಮನೆಗೇ ತಾನೆ!

ಈಗ ಗಾಳಿ ತಿರುಗಿದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ದೇಶದ ಪರಿಶಿಷ್ಟ ಜಾತಿಗಳಲ್ಲೂ 2.1ಕ್ಕೆ ಇಳಿದಿದೆ. ಮಕ್ಕಳು ಕಡಿಮೆಯಾದರು, ಜಮೀನು ಬಂತೇ? ಇಲ್ಲ. 2024ರಲ್ಲಿ ಆಂಧ್ರ, ತಮಿಳುನಾಡಿನ ಮುಖ್ಯಮಂತ್ರಿಗಳು ಹೆಚ್ಚು ಮಕ್ಕಳ ಮಾತೆತ್ತಿದರು. ಮುದುಕರು ಹೆಚ್ಚಾದರು, ಲೋಕಸಭೆ ಸೀಟು ಕಮ್ಮಿಯಾಗುತ್ತೆ ಅನ್ನೋ ಚಿಂತೆ. ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯ್ತಿ ಚುನಾವಣೆಗೆ ನಿಲ್ಲಬಾರದೆಂಬ ಹರಿಯಾಣದ ಕಾನೂನನ್ನು 2003ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿತ್ತು. ಅಂಥದೇ ನಿಯಮವನ್ನು ಆಂಧ್ರ 2024ರಲ್ಲಿ ಕಿತ್ತುಹಾಕಿತು. ಬೇಡ ಅಂದಾಗ ಕೊಯ್ಯಿಸಿಕೋ, ಬೇಕು ಅಂದಾಗ ಹೆರು. ನಮ್ಮ ಹೆಣ್ಣಿನ ಬಸುರು ಇವರ ಪಡಿತರ ಗೋದಾಮೇ?

ಇನ್ನು ನಮ್ಮ ಮನೆಯ ಮಾತು. ಒಂದೇ ಮಗು ಸಾಕು ಅಂತ ನಿಲ್ಲಿಸಿದ ಕೂಲಿಯವರು ಆ ಮಗುವಿನ ಕಾನ್ವೆಂಟ್ ಫೀಜಿಗೆ ಸಂಘದ ಸಾಲ ಎತ್ತುತ್ತಾರೆ. ಇಡೀ ಮನೆಯ ಬಿಡುಗಡೆಯನ್ನು ಒಂದು ಎಳೆ ಹೆಗಲ ಮೇಲೆ ಹೊರಿಸುತ್ತಾರೆ. ಆ ಮಗು ಫೇಲಾದರೆ ಮನೆಯೇ ಮುಳುಗಿದಂತೆ. ನಾಲ್ಕು ಮಕ್ಕಳ ಮನೆಯಲ್ಲಿ ಗಂಡು ಹಾಸ್ಟೆಲ್ಲಿಗೆ, ಹೆಣ್ಣು ಕೂಲಿಗೆ. ಗಂಡಾಗುವ ತನಕ ಹೆರಲಿ ಅನ್ನೋ ಗಂಡಸರು ನಮ್ಮಲ್ಲೂ ಇದ್ದಾರೆ. ಅದೇ ಸಮೀಕ್ಷೆಯಲ್ಲಿ ದೇಶದ ನೂರು ಮದುವೆಯಾದ ಹೆಂಗಸರಲ್ಲಿ ಸುಮಾರು 38 ಜನ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡನೇ ಮಾಡಿಸಿಕೊಂಡದ್ದು ನೂರಕ್ಕೆ ಒಂದೂ ಇಲ್ಲ! ಭೀಮಗೀತೆ ಹಾಡಿದರೆ ಸಾಲದು, ಈ ಲೆಕ್ಕಕ್ಕೂ ನಾವು ಜವಾಬು ಕೊಡಬೇಕು.

ಒಂದೋ, ಎರಡೋ, ನಾಲ್ಕೋ, ಹೆರುವವಳೇ ಹೇಳಲಿ. ಹುಟ್ಟಿದ ಪ್ರತಿ ಕೂಸಿಗೂ ಊರ ಶಾಲೆಯಲ್ಲಿ ಮೇಷ್ಟ್ರಿರಬೇಕು, ಹಾಸ್ಟೆಲ್ಲಿನಲ್ಲಿ ಹೊಟ್ಟೆ ತುಂಬ ಅನ್ನವಿರಬೇಕು, ಹೆತ್ತವರ ಹೆಸರಲ್ಲಿ ಭೂಮಿ ಇರಬೇಕು. ಮಕ್ಕಳ ಲೆಕ್ಕ ಕೇಳಿಕೊಂಡು ಕೇರಿಗೆ ಬರೋರನ್ನ ಮೊದಲು ಭೂಮಿಯ ಲೆಕ್ಕ ಕೇಳೋಣ.

ಜೈ ಭೀಮ್.