ಅಧ್ಯಕ್ಷರು ಹೊಸಬರು, ಅತಿಥಿಗಳು ಹಳಬರು

ಶೈಕ್ಷಣಿಕ ವರ್ಷದ ಆರಂಭದಲ್ಲಿ ಸರ್ಕಾರಿ ಪದವಿ ಕಾಲೇಜುಗಳಲ್ಲಿ ನಡೆಯುವ ಸ್ವಾಗತ ಸಮಾರಂಭಕ್ಕೆ ಒಂದು ಸಿದ್ಧ ಕ್ರಮವಿದೆ. ಪ್ರಾರ್ಥನೆ, ದೀಪ ಬೆಳಗುವಿಕೆ, ಶಾಲು-ಹಾರ, ಪ್ರಾಂಶುಪಾಲರ ಪ್ರಾಸ್ತಾವಿಕ ನುಡಿ, ಕೊನೆಗೆ ಅಧ್ಯಕ್ಷರ ಭಾಷಣ. ಅಧ್ಯಕ್ಷರೆಂದರೆ ಕಾಲೇಜು ಅಭಿವೃದ್ಧಿ ಸಮಿತಿಯ ಅಧ್ಯಕ್ಷರು, ಅಂದರೆ ಕ್ಷೇತ್ರದ ಶಾಸಕರು. ವಿಧಾನಸಭೆಯ ಫಲಿತಾಂಶ ಬದಲಾದಂತೆ ಕಾಲೇಜಿನ ಅಧ್ಯಕ್ಷತೆಯೂ ಕೈ ಬದಲಾಗುತ್ತದೆ. ಮೇ ತಿಂಗಳಲ್ಲಿ ಮತ ಎಣಿಕೆ ಮುಗಿದರೆ, ಮುಂದಿನ ಮೂರು ತಿಂಗಳೊಳಗೆ ಹೊಸ ಅಧ್ಯಕ್ಷರು ವೇದಿಕೆಯ ಮೇಲಿರುತ್ತಾರೆ, ಸಿಬ್ಬಂದಿ ಎದುರಿಗೆ ಕುಳಿತಿರುತ್ತಾರೆ.

ಸ್ವಾಗತದ ಮಾತು ಸಹಜವಾದುದೇ. ಆದರೆ ಆ ಸಭೆಯಲ್ಲಿ ಯಾರು ಯಾರನ್ನು ಸ್ವಾಗತಿಸುತ್ತಿದ್ದಾರೆ ಎಂದು ಕೇಳಿಕೊಂಡರೆ ರಾಜ್ಯದ ಉನ್ನತ ಶಿಕ್ಷಣದ ವಿಚಿತ್ರ ಸ್ಥಿತಿ ಕಣ್ಣಿಗೆ ಬೀಳುತ್ತದೆ. ಎದುರು ಕುಳಿತವರಲ್ಲಿ ಅನೇಕರು ಅತಿಥಿ ಉಪನ್ಯಾಸಕರು. ಹತ್ತು, ಹದಿನೈದು ವರ್ಷ ಪಾಠ ಮಾಡಿದವರೂ ಅವರಲ್ಲಿದ್ದಾರೆ. ಮೂವರು ಅಧ್ಯಕ್ಷರನ್ನು, ಹಲವು ಪ್ರಾಂಶುಪಾಲರನ್ನು ಕಂಡವರು ಕಾಗದದ ಮೇಲೆ ಇಂದಿಗೂ ಅತಿಥಿಗಳು. ನಿನ್ನೆ ಬಂದವರು ಆತಿಥೇಯರು. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಂತಹ ಕಡೆ ಈ ವೈಪರೀತ್ಯಕ್ಕೆ ತೆರಬೇಕಾದ ಬೆಲೆ ಇನ್ನೂ ಹೆಚ್ಚು.

ಮೂರು ಪಟ್ಟಣ, ಒಂದೇ ಹೆದ್ದಾರಿ

ಈ ಮೂರೂ ಪಟ್ಟಣಗಳು ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಒಂದರ ನಂತರ ಒಂದರಂತೆ ಇವೆ. ಆದರೆ ಬದುಕು ಒಂದೇ ಬಗೆಯದಲ್ಲ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ನಾಡು. ಲಿಂಗಸುಗೂರು ತಾಲ್ಲೂಕು ಹಟ್ಟಿ ಚಿನ್ನದ ಗಣಿಗೆ ಹೆಸರಾದುದು. ನಡುವಿನ ಮಸ್ಕಿ ಅಶೋಕನ ಶಾಸನದಿಂದ ಜಗತ್ತಿಗೆ ಪರಿಚಿತವಾದ ಊರು. ತಾಲ್ಲೂಕು ಕೇಂದ್ರವಾದುದು ಇತ್ತೀಚೆಗೆ.

ಭತ್ತ, ಚಿನ್ನ, ಚರಿತ್ರೆ ಮೂರೂ ಇದ್ದರೂ ಓದಿನಲ್ಲಿ ಈ ಭಾಗ ಹಿಂದುಳಿಯಿತು. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇ 59.56. ಜಿಲ್ಲೆಯ ಮಹಿಳೆಯರಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಿಮೆ, ಶೇ 48.73. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಸಿಂಧನೂರು ಮತ್ತು ಲಿಂಗಸುಗೂರನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಮಸ್ಕಿ ಆಗ ಪ್ರತ್ಯೇಕ ತಾಲ್ಲೂಕೇ ಆಗಿರಲಿಲ್ಲ.

ಇಂತಹ ಕಡೆ ಸರ್ಕಾರಿ ಪದವಿ ಕಾಲೇಜು ಹಲವು ಆಯ್ಕೆಗಳಲ್ಲಿ ಒಂದಲ್ಲ; ಬಹಳಷ್ಟು ಮನೆಗಳಿಗೆ ಅದೊಂದೇ ಆಯ್ಕೆ. ಬೆಂಗಳೂರು, ಧಾರವಾಡಗಳಲ್ಲಿ ಒಂದು ಕಾಲೇಜಿನಲ್ಲಿ ಪಾಠ ಸರಿಯಿಲ್ಲವೆಂದರೆ ಮತ್ತೊಂದು ಸಿಕ್ಕೀತು. ಬೆಳಿಗ್ಗೆಯ ಬಸ್ಸು ಹಿಡಿದು ಹಳ್ಳಿಯಿಂದ ಬಂದು ಸಂಜೆ ಮರಳುವ ಹೆಣ್ಣುಮಗಳಿಗೆ ಆ ಅನುಕೂಲವಿಲ್ಲ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಎರಡು ತಿಂಗಳು ಅರ್ಥಶಾಸ್ತ್ರದ ತರಗತಿ ನಡೆಯದಿದ್ದರೆ, ಆಕೆಯ ಪಾಲಿಗೆ ಅಷ್ಟು ಅರ್ಥಶಾಸ್ತ್ರ ಇಲ್ಲವಾದಂತೆಯೇ.

ಪಾಠ ಮಾಡುವವರ ಲೆಕ್ಕ

ಅತಿಥಿ ಉಪನ್ಯಾಸಕರ ವ್ಯವಸ್ಥೆ ಹುಟ್ಟಿದ್ದು ತಾತ್ಕಾಲಿಕ ಕೊರತೆ ನೀಗಲೆಂದು. ಹುದ್ದೆ ಭರ್ತಿಯಾಗುವವರೆಗೆ ಪಾಠ ನಿಲ್ಲಬಾರದು ಎಂಬುದು ಅದರ ಆಶಯ. ಕಾಲಕ್ರಮದಲ್ಲಿ ಊರುಗೋಲೇ ಕಾಲಾಯಿತು. ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿದಿದ್ದಾರೆ. ಅವರಿಲ್ಲದಿದ್ದರೆ ವೇಳಾಪಟ್ಟಿ ಬರೆಯುವುದೇ ಅಸಾಧ್ಯ.

ಅವರಿಗೆ ಸಂದದ್ದು ಏನು? 2022ರ ಜನವರಿಗೆ ಮುನ್ನ ಯುಜಿಸಿ ಅರ್ಹತೆ ಉಳ್ಳವರಿಗೆ ತಿಂಗಳಿಗೆ 13 ಸಾವಿರ ರೂಪಾಯಿ, ಇಲ್ಲದವರಿಗೆ 11 ಸಾವಿರ ರೂಪಾಯಿ ಗೌರವಧನವಿತ್ತು. ಆ ತಿಂಗಳು ಸರ್ಕಾರ ಅದನ್ನು ಅರ್ಹತೆ ಮತ್ತು ಸೇವಾವಧಿಗೆ ತಕ್ಕಂತೆ 26 ಸಾವಿರದಿಂದ 32 ಸಾವಿರ ರೂಪಾಯಿಗೆ ಏರಿಸಿತು. ಅದರ ಜೊತೆಗೇ ವಾರದ ಬೋಧನಾ ಅವಧಿಯನ್ನು 15 ಗಂಟೆಗೆ ಹೆಚ್ಚಿಸಿತು. ಒಬ್ಬರಿಗೆ ಹೆಚ್ಚು ಗಂಟೆ ಸಿಕ್ಕಿದಾಗ ಮತ್ತೊಬ್ಬರ ಗಂಟೆ ಕರಗಿತು. ಏರಿಕೆಯ ಸುದ್ದಿ ಬಂದ ದಿನವೇ ಹಲವರಿಗೆ ಕೆಲಸ ಕಳೆದುಕೊಳ್ಳುವ ಭೀತಿಯೂ ಹುಟ್ಟಿತು.

ಹೋಲಿಕೆಗೆ ಖಾಯಂ ಸಹಾಯಕ ಪ್ರಾಧ್ಯಾಪಕರನ್ನು ನೋಡಬಹುದು. ಏಳನೇ ವೇತನ ಆಯೋಗದ ಯುಜಿಸಿ ಶ್ರೇಣಿಯಲ್ಲಿ ಅವರ ಆರಂಭಿಕ ಮೂಲ ವೇತನವೇ 57,700 ರೂಪಾಯಿ. ವಾರದ ಬೋಧನೆ 16 ಗಂಟೆ. ಹದಿನೈದಕ್ಕೂ ಹದಿನಾರಕ್ಕೂ ನಡುವೆ ಇರುವುದು ಒಂದು ಗಂಟೆಯ ಅಂತರ. ಸಂಬಳದ ಅಂತರ ಮಾತ್ರ ಅಷ್ಟಕ್ಕೆ ನಿಲ್ಲುವುದಿಲ್ಲ. ಅತಿಥಿ ಬೋಧಕರಿಗೆ ಉಪನ್ಯಾಸವೊಂದಕ್ಕೆ 1,500 ರೂಪಾಯಿಯಂತೆ ತಿಂಗಳಿಗೆ ಗರಿಷ್ಠ 50 ಸಾವಿರ ರೂಪಾಯಿವರೆಗೆ ನೀಡಬಹುದೆಂದು ಯುಜಿಸಿ 2019ರಲ್ಲಿಯೇ ಹೇಳಿತ್ತು. ಗುತ್ತಿಗೆ ಬೋಧಕರ ಪ್ರಮಾಣ ಒಟ್ಟು ಬೋಧಕ ಹುದ್ದೆಗಳ ಶೇ 10ನ್ನು ಮೀರಬಾರದೆಂದು ಅದರ 2018ರ ನಿಯಮಾವಳಿ ಸೂಚಿಸಿತ್ತು. 'ಅತಿಥಿ' ಎಂಬ ಹೆಸರು ಆ ಮಿತಿಯನ್ನು ಸುತ್ತಿ ಹೋಗುವ ಬಳಸುದಾರಿಯಾಯಿತು.

2023ರ ನವೆಂಬರ್‌ನಲ್ಲಿ ಸೇವೆ ಕಾಯಂಗೊಳಿಸುವಂತೆ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಬೀದಿಗಿಳಿದರು. ಆ ವರ್ಷದ ಕೊನೆಗೆ ಸರ್ಕಾರ ಸೇವಾವಧಿಯ ಆಧಾರದಲ್ಲಿ 5 ಸಾವಿರದಿಂದ 8 ಸಾವಿರ ರೂಪಾಯಿವರೆಗೆ ಗೌರವಧನ ಹೆಚ್ಚಳ, 5 ಲಕ್ಷ ರೂಪಾಯಿಯ ಆರೋಗ್ಯ ವಿಮೆ, 60 ವರ್ಷ ತುಂಬಿದವರಿಗೆ 5 ಲಕ್ಷ ರೂಪಾಯಿ ಇಡುಗಂಟು ಪ್ರಕಟಿಸಿತು. ಮುಖ್ಯ ಬೇಡಿಕೆ ಮಾತ್ರ ಈಡೇರಲಿಲ್ಲ. 60 ವರ್ಷ ತುಂಬಿದ 'ಅತಿಥಿ'ಗೆ ಬೀಳ್ಕೊಡುಗೆಯ ಹಣ ನಿಗದಿ ಮಾಡುವುದೆಂದರೆ, ಆತ ಅತಿಥಿಯಲ್ಲವೆಂದು ಸರ್ಕಾರವೇ ಒಪ್ಪಿಕೊಂಡಂತೆ ಎಂಬುದು ಗಮನಾರ್ಹ.

ಕಾನೂನಿನ ಕಗ್ಗಂಟು

ಕಾಯಂಗೊಳಿಸುವ ದಾರಿಗೆ ಅಡ್ಡವಾಗಿರುವುದು ಕರ್ನಾಟಕದಿಂದಲೇ ಹೊರಟ ಪ್ರಕರಣವೊಂದರ ತೀರ್ಪು. 2006ರ ಏಪ್ರಿಲ್‌ನಲ್ಲಿ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮುಕ್ತ ಸ್ಪರ್ಧೆಯಿಲ್ಲದೆ ನೇಮಕಗೊಂಡ ತಾತ್ಕಾಲಿಕ ನೌಕರರಿಗೆ ಖಾಯಂ ಆಗುವ ಹಕ್ಕಿಲ್ಲವೆಂದು ಹೇಳಿತು. ಹಿಂಬಾಗಿಲ ನೇಮಕಾತಿಗೆ ತಡೆ ಹಾಕುವುದು ಅದರ ಉದ್ದೇಶ. ಆದರೆ ಮುಂಬಾಗಿಲನ್ನು ವರ್ಷಗಟ್ಟಲೆ ಮುಚ್ಚಿಡಲು ಆ ತೀರ್ಪು ಅನುಮತಿ ಕೊಟ್ಟಿರಲಿಲ್ಲ.

ಇತ್ತೀಚೆಗೆ ನ್ಯಾಯಾಲಯದ ದನಿ ಕೊಂಚ ಬದಲಾಗಿದೆ. 2025ರ ಆಗಸ್ಟ್‌ನಲ್ಲಿ ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ವೇತನ ಕುರಿತ ಪ್ರಕರಣದಲ್ಲಿ, ಗುರುವನ್ನು ಶ್ಲೋಕದಲ್ಲಿ ಕೊಂಡಾಡಿದರಷ್ಟೇ ಸಾಲದು, ಆ ಗೌರವ ಅವರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಕಾಣಬೇಕು ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ ಆಡಿತು.

ಇನ್ನೊಂದೆಡೆ ಮುಕ್ತ ನೇಮಕಾತಿಯ ದಾರಿಯೂ ಸುಗಮವಾಗಿರಲಿಲ್ಲ. 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ ಹೊರಟು, 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು. ಭೂಗೋಳಶಾಸ್ತ್ರದ ಪ್ರಶ್ನೆಗಳು ಸೋರಿಕೆಯಾದ ಆರೋಪದ ವಿವಾದ ಅದನ್ನು ಸುತ್ತಿಕೊಂಡಿತು. ಆಯ್ಕೆಯಾದವರು ಆದೇಶ ಪತ್ರಕ್ಕಾಗಿ ದೀರ್ಘಕಾಲ ಕಾಯಬೇಕಾಯಿತು. 2025-26ನೇ ಸಾಲಿನಲ್ಲಿ ಯುಜಿಸಿ ಅರ್ಹತೆಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿ, ತರಗತಿಗಳು ಆರಂಭವಾದರೂ ಅತಿಥಿ ಉಪನ್ಯಾಸಕರ ಆಯ್ಕೆ ತಡವಾಯಿತು. ಅರ್ಹತೆ ಬೇಕೆಂಬ ವಾದದಲ್ಲಿ ತಪ್ಪಿಲ್ಲ. ವರ್ಷಗಟ್ಟಲೆ ದುಡಿಸಿಕೊಂಡವರಿಗೆ ಅರ್ಹತೆ ಗಳಿಸಲು ಕಾಲಾವಕಾಶ ಕೊಡದೆ ಹೊರಗಟ್ಟುವುದು ನ್ಯಾಯವೇ ಎಂಬ ಪ್ರತಿವಾದದಲ್ಲೂ ಹುರುಳಿದೆ. ಇವೆರಡರ ನಡುವೆ ನಷ್ಟಕ್ಕೆ ಗುರಿಯಾಗುವವನು ವಿದ್ಯಾರ್ಥಿ.

ಬೆಳೆಗೂ ಪಾಠಕ್ಕೂ ನಂಟು

ಅತಿಥಿ ಉಪನ್ಯಾಸಕರ ಸಂಖ್ಯೆ ನಿರ್ಧಾರವಾಗುವುದು ಬೋಧನಾ ಕಾರ್ಯಭಾರದಿಂದ. ಕಾರ್ಯಭಾರ ನಿಂತಿರುವುದು ಪ್ರವೇಶಾತಿ ಮತ್ತು ಪಠ್ಯಕ್ರಮದ ಮೇಲೆ. ರಾಜ್ಯ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಗೆ ಹೊರಳಿ, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮ ಬದಲಾದಾಗಲೆಲ್ಲ ಯಾವ ವಿಷಯಕ್ಕೆ ಎಷ್ಟು ಗಂಟೆ ಎಂಬ ಲೆಕ್ಕ ತಲೆಕೆಳಗಾಗುತ್ತದೆ. ಖಾಯಂ ಬೋಧಕರಿಗೆ ಅದು ವೇಳಾಪಟ್ಟಿಯ ಬದಲಾವಣೆ ಮಾತ್ರ. ಅತಿಥಿಗೆ ಅದು ಅನ್ನದ ಪ್ರಶ್ನೆ.

ಪ್ರವೇಶಾತಿಗೂ ಕಾಲುವೆಯ ನೀರಿಗೂ ಸಂಬಂಧವಿದೆ ಎಂಬುದನ್ನು ಸಿಂಧನೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಹಳೆಯ ಗೇಟುಗಳನ್ನೆಲ್ಲ ಬದಲಿಸುವ ಕಾಮಗಾರಿಗಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡದಿರುವ ತೀರ್ಮಾನವಾಯಿತು. ಎರಡನೇ ಬೆಳೆ ತಪ್ಪಿದ ವರ್ಷ ಮನೆಯ ಖರ್ಚಿನಲ್ಲಿ ಮೊದಲು ಕತ್ತರಿ ಬೀಳುವುದು ಹೆಚ್ಚಾಗಿ ಹೆಣ್ಣುಮಕ್ಕಳ ಓದಿನ ಮೇಲೆ. ತರಗತಿಯಲ್ಲಿ ಹಾಜರಿ ತೆಳುವಾದರೆ ಮುಂದಿನ ವರ್ಷ ಕಾರ್ಯಭಾರವೂ ತೆಳುವಾಗುತ್ತದೆ.

ಅಧ್ಯಕ್ಷರ ಕೈಯಲ್ಲಿ ಏನಿದೆ?

ಸಿಂಧನೂರಿನಲ್ಲಿ 2008ರಿಂದ 2023ರವರೆಗಿನ ನಾಲ್ಕು ಚುನಾವಣೆಗಳಲ್ಲಿ ಗೆಲುವು ವೆಂಕಟರಾವ್ ನಾಡಗೌಡ ಮತ್ತು ಹಂಪನಗೌಡ ಬಾದರ್ಲಿ ಅವರ ನಡುವೆ ಸರದಿಯಂತೆ ಓಡಾಡಿತು. ಲಿಂಗಸುಗೂರಿನಲ್ಲಿ 2018ರಲ್ಲಿ ಡಿ.ಎಸ್. ಹೂಲಗೇರಿ, 2023ರಲ್ಲಿ ಮಾನಪ್ಪ ವಜ್ಜಲ ಗೆದ್ದರು. ಮಸ್ಕಿಯಲ್ಲಿ 2021ರ ಉಪಚುನಾವಣೆಯಲ್ಲಿ ಪ್ರತಾಪಗೌಡ ಪಾಟೀಲರನ್ನು ಸೋಲಿಸಿದ ಬಸನಗೌಡ ತುರ್ವಿಹಾಳ 2023ರಲ್ಲೂ ಆಯ್ಕೆಯಾದರು. ಪಕ್ಷಗಳು ಬದಲಾದವು, ಅಧ್ಯಕ್ಷರು ಬದಲಾದರು. ಬದಲಾಗದೆ ಉಳಿದದ್ದು ಅತಿಥಿಗಳನ್ನು ನಂಬಿ ನಡೆಯುವ ವೇಳಾಪಟ್ಟಿ. ಆದ್ದರಿಂದ ಇದನ್ನು ಯಾವುದೇ ಒಬ್ಬರ ತಪ್ಪೆಂದು ಹೇಳಲಾಗದು.

ಹುದ್ದೆ ಮಂಜೂರು ಮಾಡುವ ಅಧಿಕಾರ ಕಾಲೇಜು ಸಮಿತಿಗಿಲ್ಲ; ಆರ್ಥಿಕ ಇಲಾಖೆಯ ಒಪ್ಪಿಗೆಯಿಲ್ಲದೆ ಯಾವ ಕಡತವೂ ಮುಂದೆ ಹೋಗದು. ಆದರೂ ಈ ಅಧ್ಯಕ್ಷರು ಬರಿಯ ಅಧ್ಯಕ್ಷರಲ್ಲ, ಶಾಸಕರು. ತಮ್ಮ ಕಾಲೇಜಿನಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವ ವಿಷಯಕ್ಕೆ ಎಷ್ಟು ದಿನ ಬೋಧಕರಿರಲಿಲ್ಲ ಎಂಬ ಪಟ್ಟಿಯನ್ನು ಸಭೆಯ ದಿನವೇ ಕೇಳಿ ಪಡೆದು, ಅದನ್ನೇ ವಿಧಾನಸಭೆಯಲ್ಲಿ ಪ್ರಶ್ನೆಯಾಗಿಸಬಹುದು. ಅತಿಥಿ ಉಪನ್ಯಾಸಕರ ಆಯ್ಕೆ ತರಗತಿ ಆರಂಭಕ್ಕೆ ಮೊದಲೇ ಮುಗಿಯುವಂತೆ ಪಟ್ಟು ಹಿಡಿಯಬಹುದು.

ಕಲ್ಯಾಣ ಕರ್ನಾಟಕದ ಶಾಸಕರ ಕೈಯಲ್ಲಿ ಮತ್ತೊಂದು ಅಸ್ತ್ರವೂ ಇದೆ. ಸಂವಿಧಾನದ 371(ಜೆ) ವಿಧಿ 2013ರಿಂದ ಜಾರಿಯಲ್ಲಿದ್ದು, ಈ ಭಾಗದ ಸ್ಥಳೀಯ ವೃಂದದ 'ಎ' ಮತ್ತು 'ಬಿ' ಹುದ್ದೆಗಳಲ್ಲಿ ಶೇ 75ರಷ್ಟನ್ನು ಸ್ಥಳೀಯರಿಗೆ ಮೀಸಲಿಟ್ಟಿದೆ. ಆದರೆ ಮೀಸಲಾತಿ ಫಲ ಕೊಡುವುದು ಹುದ್ದೆ ಭರ್ತಿಯಾದಾಗ ಮಾತ್ರ. ಖಾಲಿ ಕುರ್ಚಿಯಲ್ಲಿ ಶೇ 75 ಎಂದರೂ ಅದು ಖಾಲಿಯೇ.

ಹಣವೇ ಇಲ್ಲವೆನ್ನುವಂತಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ 5 ಸಾವಿರ ಕೋಟಿ ರೂಪಾಯಿ ಘೋಷಣೆಯಾಗಿತ್ತು. ಇಂತಹ ಅನುದಾನ ಸುಲಭವಾಗಿ ಹರಿಯುವುದು ಕಟ್ಟಡದ ಕಡೆಗೆ. ಕಟ್ಟಡಕ್ಕೆ ಶಂಕುಸ್ಥಾಪನೆಯಿದೆ, ಉದ್ಘಾಟನೆಯಿದೆ, ಹೆಸರು ಕೆತ್ತಿದ ಕಲ್ಲಿದೆ. ಭರ್ತಿಯಾದ ಉಪನ್ಯಾಸಕ ಹುದ್ದೆಗೆ ಯಾರೂ ಕಲ್ಲು ನೆಡುವುದಿಲ್ಲ.

ಕಲ್ಲಿನ ಮೇಲಿನ ಹೆಸರಿನ ಬೆಲೆ ಮಸ್ಕಿಗೆ ಗೊತ್ತು. ಶಾಸನಗಳ 'ದೇವಾನಾಂಪ್ರಿಯ'ನೇ ಅಶೋಕನೆಂದು ಖಚಿತವಾದುದು 1915ರಲ್ಲಿ ಅಲ್ಲಿ ಪತ್ತೆಯಾದ ಬಂಡೆಗಲ್ಲಿನಿಂದ. ಆ ಚರಿತ್ರೆಯನ್ನು ಅದೇ ಊರಿನ ತರಗತಿಯಲ್ಲಿ ವರ್ಷಗಟ್ಟಲೆ ಕಲಿಸಿದರೂ ಅತಿಥಿ ಉಪನ್ಯಾಸಕರ ಹೆಸರು ಸೇವಾ ಪುಸ್ತಕವೊಂದರಲ್ಲಿ ದಾಖಲಾಗುವುದಿಲ್ಲ. ಏಕೆಂದರೆ ಅವರಿಗೆ ಸೇವಾ ಪುಸ್ತಕವೇ ಇಲ್ಲ.

ಮುಂದಿನ ವಿಧಾನಸಭಾ ಚುನಾವಣೆ ಬರುವುದು 2028ರಲ್ಲಿ. ಆಗ ಈ ಮೂರು ಪಟ್ಟಣಗಳ ಕಾಲೇಜುಗಳಲ್ಲಿ ಮತ್ತೊಮ್ಮೆ ಸ್ವಾಗತ ಸಮಾರಂಭ ನಡೆಯುತ್ತದೆ. ಹೊಸಬರೋ ಹಳಬರೋ ಒಬ್ಬ ಅಧ್ಯಕ್ಷರು ವೇದಿಕೆಯೇರುತ್ತಾರೆ. ಅವರ ಅವಧಿಯನ್ನು ಅಳೆಯಬೇಕಾದುದು ಭಾಷಣದಿಂದಲ್ಲ, ಶಿಲಾಫಲಕಗಳಿಂದಲೂ ಅಲ್ಲ. ಎದುರು ಕುಳಿತವರಲ್ಲಿ ಎಷ್ಟು ಮಂದಿಗೆ ಮುಂದಿನ ವರ್ಷ ಮರುಸ್ವಾಗತದ ಅಗತ್ಯ ಬೀಳಲಿಲ್ಲ ಎಂಬುದೇ ಅಳತೆಗೋಲಾಗಬೇಕು.